ಬರ್ತೀನಿ ಅಂದವರನ್ನು ಹುಡುಕಿಕೊಂಡು

ವಿಜಯಪುರ

ಲಂಡನ್ನಿನ ಅರಮನೆ ನೋಡಿದಿರಾ, ದೊಡ್ಡ ಗಡಿಯಾರ ನೋಡಿದಿರಾ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ನೋಡಲಿಲ್ಲ. ಏಳು ಸಮುದ್ರ ದಾಟಿ ಹೋದದ್ದು ಗಡಿಯಾರ ನೋಡುವುದಕ್ಕಲ್ಲ. ಒಬ್ಬರು ನನಗೆ "ಬರ್ತೀನಿ" ಎಂದು ಹೇಳಿ ಹೋಗಿದ್ದರು. ಒಂಬತ್ತು ವರ್ಷವಾದರೂ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಮುಖ ನೋಡಿ ಕೇಳಿ, ಕೈ ಹಿಡಿದು ಕರೆದುಕೊಂಡು ಬರೋಣವೆಂದು ಹೊರಟೆ. ನನ್ನ ವಿಲಾಯತಿ ಪ್ರವಾಸದ ಉದ್ದೇಶ ಇಷ್ಟೇ.

ಹಾಗೆ ಹೇಳಿ ಹೋದವರು ನಮ್ಮ ಮಿಸ್ಸಮ್ಮ. ಅವರಿಗೊಂದು ಇಂಗ್ಲಿಷ್ ಹೆಸರಿತ್ತು, ನಮ್ಮ ಯಾರ ನಾಲಿಗೆಗೂ ಅದು ಬಗ್ಗಲಿಲ್ಲ. ದೇವನಹಳ್ಳಿ ಪಕ್ಕದ ನಮ್ಮ ವಿಜಯಪುರದಲ್ಲಿ ಮಿಷನ್ನಿನವರ ಎರಡು ಕೋಣೆಯ ಆಸ್ಪತ್ರೆ ನಡೆಸುತ್ತಿದ್ದರು. ಪ್ಲೇಗಿನಲ್ಲಿ ನನ್ನ ತಂದೆತಾಯಿ ಇಬ್ಬರೂ ಒಂದೇ ವಾರದಲ್ಲಿ ಹೋದಾಗ ನನ್ನನ್ನು ಎತ್ತಿಕೊಂಡವರು ಅವರು. ಅಕ್ಷರ ಕಲಿಸಿದರು, ಹೆರಿಗೆ ಮಾಡಿಸುವುದನ್ನು ಕಲಿಸಿದರು, ಯೇಸುಸ್ವಾಮಿಯ ಹೆಸರು ಹೇಳಿಕೊಟ್ಟರು, ಕರುಣಮ್ಮ ಎಂದು ನನಗೆ ಹೆಸರಿಟ್ಟವರೂ ಅವರೇ.

ನಮ್ಮದು ರೇಷ್ಮೆಯ ಊರು. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ, ಅದರೊಳಗೆ ಕೈಯಿಟ್ಟು ಎಳೆ ಹಿಡಿಯುವ ಹೆಂಗಸರ ಬೆರಳುಗಳು ಸದಾ ಬೆಂದಿರುತ್ತವೆ. ಬೆಳಗಾದರೆ ಆಸ್ಪತ್ರೆಯ ಜಗಲಿಯ ಮೇಲೆ ಆ ಬೆರಳುಗಳ ಸಾಲು. ಮಿಸ್ಸಮ್ಮ ಕನ್ನಡ ಕಲಿತದ್ದು ಆ ಸಾಲಿನಲ್ಲೇ, ಮುಲಾಮು ಹಚ್ಚುತ್ತಾ. ಬಂದ ಹೊಸದರಲ್ಲಿ ಒಂದು ದಿನ ನೂಲು ತೆಗೆಯುವ ಬೀಬಮ್ಮನ ಮನೆಯಿಂದ ಹೊರಡುವಾಗ ಅವರು "ಹೋಗ್ತೀನಿ" ಅಂದರಂತೆ. ಬೀಬಮ್ಮ ಕೆನ್ನೆ ಕೆನ್ನೆ ಬಡಿದುಕೊಂಡು, "ತೋಬಾ ತೋಬಾ! ಹಂಗನ್ಬಾರ್ದು ಮಿಸ್ಸಮ್ಮ. ಹೋಗ್ತೀನಿ ಅಂದ್ರೆ ಹೋದಂಗೇ. ಬರ್ತೀನಿ ಅನ್ಬೇಕು," ಎಂದು ತಿದ್ದಿದಳಂತೆ. ಅಂದಿನಿಂದ ಮಿಸ್ಸಮ್ಮನ ಬಾಯಲ್ಲಿ ಎಲ್ಲಿಂದ ಎದ್ದರೂ "ಬರ್ತೀನಿ". ಮಣ್ಣು ಮಾಡಿ ಹೊರಡುವಾಗ ಸಮಾಧಿಗೂ ಒಮ್ಮೆ ಬರ್ತೀನಿ ಅಂದುಬಿಟ್ಟಿದ್ದರು. ನಮಗೆ ನಗು ತಡೆಯುವುದೇ ಕಷ್ಟವಾಗಿತ್ತು.

ಯುದ್ಧ ಶುರುವಾಗುವ ಹಿಂದಿನ ವರ್ಷ ಅವರು ರಜೆಯ ಮೇಲೆ ಊರಿಗೆ ಹೊರಟರು. ಜಟಕಾ ಹತ್ತುವಾಗ ನನ್ನ ತಲೆಯ ಮೇಲೆ ಕೈಯಿಟ್ಟು, "ಬರ್ತೀನಿ ಕರುಣಾ," ಅಂದರು. ಯುದ್ಧ ಬಂತು, ಕಾಗದಗಳು ಕಡಿಮೆಯಾದವು, ಆಮೇಲೆ ನಿಂತವು. ಆಸ್ಪತ್ರೆಯನ್ನು ನಾನೊಬ್ಬಳೇ ನಡೆಸಿದೆ. ಮಿಸ್ಸಮ್ಮ ಯಾವಾಗ ಬರ್ತಾರೆ ಎಂದು ಕೇಳಿದವರಿಗೆಲ್ಲ, "ಬರ್ತೀನಿ ಅಂದಿದ್ದಾರೆ," ಎಂದು ಹೇಳುತ್ತಾ ಒಂಬತ್ತು ವರ್ಷ ಕಳೆದೆ. ನಮ್ಮ ದೇವಾಲಯದಲ್ಲಿ ನಿರೀಕ್ಷೆ ಎಂದರೆ ಬಹಳ ದೊಡ್ಡ ಮಾತು, ಯೇಸುಸ್ವಾಮಿ ಮತ್ತೆ ಬರುವುದನ್ನು ಕಾಯುವುದು. ನನ್ನ ನಿರೀಕ್ಷೆಯ ಅರ್ಧ ಪಾಲು ಜಟಕಾ ಬರುವ ರಸ್ತೆಯ ಕಡೆಗೇ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಸ್ವಾತಂತ್ರ್ಯ ಬರುವ ಮೊದಲಿನ ಬೇಸಿಗೆಯಲ್ಲಿ ಬೆಂಗಳೂರಿನ ಮಿಷನ್ ಕಮಿಟಿಯಿಂದ ಕಾಗದ ಬಂತು. ಮಿಸ್ಸಮ್ಮ ಹಿಂತಿರುಗದಿದ್ದರೆ ಕ್ರಿಸ್‌ಮಸ್ಸಿಗೆ ಆಸ್ಪತ್ರೆ ಮುಚ್ಚುವುದು ಎಂದು ಅದರಲ್ಲಿತ್ತು. ನಮ್ಮ ಸಭೆಯ ಹಿರಿಯರು ದೇವಪ್ರಿಯಪ್ಪನವರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮ ಸಭೆಗೂ ಸಲ್ಲುತ್ತದೆ ಎಂದು ತೋರಿಸಲೆಂದೇ ಹುಟ್ಟಿದವರು. ಕಾಗದ ಓದಿ ಕನ್ನಡಕ ತೆಗೆದು ಅಂದರು, "ಬಿಳೀ ಕೈ ಇಲ್ದೆ ಸೂಜಿ ಚುಚ್ಚಿಸ್ಕೊಳೋಕೆ ಯಾರು ಬರ್ತಾರಮ್ಮ? ನೀನು ಎಷ್ಟಾದ್ರೂ ಸೂಲಗಿತ್ತಿ."

"ಒಂಬತ್ತು ವರ್ಷದಿಂದ ಈ ಕೈಯೇ ಅಲ್ವಾ ಅಯ್ಯನೋರೆ ಚುಚ್ತಿರೋದು?"

"ಅದು ಮಿಸ್ಸಮ್ಮ ಬರ್ತಾರೆ ಅಂತ ಜನ ಸುಮ್ನಿದ್ರು," ಅಂದರು. ಸಭೆಯಲ್ಲಿ ಕೂತಿದ್ದವರಲ್ಲಿ ಅರ್ಧ ಜನ ನನ್ನ ಕೈಯಲ್ಲೇ ಹುಟ್ಟಿದವರು. ಒಬ್ಬರೂ ತಲೆಯೆತ್ತಲಿಲ್ಲ.

ಮಿಸ್ಸಮ್ಮನಿಗೆ ಎರಡು ಕಾಗದ ಬರೆದೆ. ಉತ್ತರವಿಲ್ಲ. ಅಷ್ಟರಲ್ಲಿ ಬೆಂಗಳೂರು ದಂಡಿನ ಕಡೆಯ ಒಬ್ಬ ದೊರೆಸಾನಿ ಮಕ್ಕಳೊಂದಿಗೆ ಊರಿಗೆ ಹೋಗುವವಳು, ಹಡಗಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಆಯಾ ಬೇಕು, ಹೋಗಿಬರುವ ಟಿಕೀಟು ತನ್ನದೇ ಎಂದಳಂತೆ. ನಾನು ಎರಡು ಸೀರೆ ಗಂಟು ಕಟ್ಟಿದೆ. ಬೀಬಮ್ಮ ದೇವನಹಳ್ಳಿಯ ರೈಲಿನವರೆಗೂ ಬಂದು, "ಕರ್ಕೊಂಡೇ ಬಾ," ಅಂದಳು. "ಬರ್ತೀನಿ," ಅಂದೆ.

ಹಡಗು

ನಮ್ಮೂರ ಕೆರೆಗಿಂತ ದೊಡ್ಡ ನೀರು ಕಂಡವಳಲ್ಲ ನಾನು. ಮೊದಲ ನಾಲ್ಕು ದಿನ ದೊರೆಸಾನಿಯ ಇಬ್ಬರು ಮಕ್ಕಳೇ ನನ್ನನ್ನು ನೋಡಿಕೊಂಡವು. ವಾಂತಿಯ ಬೋಗುಣಿಯನ್ನು ಸರದಿಯ ಮೇಲೆ ಹಿಡಿದವು. ದೊರೆಸಾನಿ ಕೆಟ್ಟವಳಲ್ಲ. "ಆಯಾ, ನೀನು ನಮ್ಮ ಮನೆಯವಳ ಹಾಗೆ," ಎಂದು ದಿನಕ್ಕೆರಡು ಸಲ ಹೇಳುತ್ತಿದ್ದಳು. ಊಟಕ್ಕೆ ಮಾತ್ರ ಕೆಳಗಿನ ಅಂತಸ್ತಿಗೆ ಕಳಿಸುತ್ತಿದ್ದಳು.

ಭಾನುವಾರ ಮೇಲಿನ ದೊಡ್ಡ ಕೋಣೆಯಲ್ಲಿ ಆರಾಧನೆ ಎಂದು ತಿಳಿದು ಬಿಳಿ ಸೀರೆ ಉಟ್ಟು ಹೋದೆ. ಬಾಗಿಲಲ್ಲಿದ್ದ ನೌಕರ ನಯವಾಗಿಯೇ ಕೈ ಅಡ್ಡ ಹಿಡಿದ. ಆಯಾಗಳಿಗೆ ಒಳಗೆ ಜಾಗವಿಲ್ಲವಂತೆ. ಕುರ್ಚಿಗಳು ಖಾಲಿ ಇದ್ದದ್ದು ನನಗೆ ಕಾಣುತ್ತಿತ್ತು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಒಳಗೆ ಹಾಡು ಶುರುವಾಯಿತು. ರಾಗ ನಮ್ಮೂರಿನದೇ, ಮಿಸ್ಸಮ್ಮ ಕಲಿಸಿದ್ದು. ನಾನು ಬಾಗಿಲ ಹೊರಗೆ ನಿಂತು ಕನ್ನಡದಲ್ಲಿ ಎತ್ತಿಕೊಂಡೆ. ನೌಕರ ಬಾಗಿಲು ಮುಚ್ಚಿದ. ನಾನು ದನಿ ಏರಿಸಿದೆ. ಪಕ್ಕದಲ್ಲಿ ನಿಂತಿದ್ದ ಮದರಾಸಿನ ಆಯಾ ಒಬ್ಬಳು ಅದೇ ರಾಗಕ್ಕೆ ತಮಿಳು ಸೇರಿಸಿದಳು. ನಮ್ಮಿಬ್ಬರ ಗಂಟಲಿನ ಮುಂದೆ ಒಳಗಿನ ಪಿಯಾನೋ ಸೋತಿತು.

ಮಧ್ಯಾಹ್ನ ದೊರೆಸಾನಿ ಮುಖ ಕೆಂಪು ಮಾಡಿಕೊಂಡು, ಅಷ್ಟು ಜೋರಾಗಿ ಹಾಡಬೇಕಿತ್ತೇ ಎಂದು ಕೇಳಿದಳು.

"ನಿಮಗೆ ಹಾಡಿದ್ದಲ್ಲ ಮೇಡಂ," ಅಂದೆ. ಮುಂದಿನ ಭಾನುವಾರ ಬಾಗಿಲ ಹೊರಗೆ ಬೆಂಚು ಹಾಕಿಸಿದ್ದರು. ಬೆಂಚಿನ ಮೇಲೆ ಕೂತು ಇನ್ನೂ ಜೋರಾಗಿ ಹಾಡಿದೆವು.

ಇಂಗ್ಲೆಂಡು, ಮೊದಲ ವಾರ

ಮಕ್ಕಳನ್ನು ಅಜ್ಜಿಯ ಮನೆ ಮುಟ್ಟಿಸಿದೆ. ಚಿಕ್ಕದು ನನ್ನ ಸೆರಗು ಹಿಡಿದು ಅತ್ತಿತು. ದೊರೆಸಾನಿ ತನ್ನ ಹಳೆಯ ಕೋಟು ಕೊಟ್ಟು, ಅದೇ ಬೀದಿಯ ಒಬ್ಬ ಮುದುಕಿಯ ಮನೆಯಲ್ಲಿ ನನಗೆ ಕೋಣೆ ಮಾಡಿಸಿದಳು. ಅಲ್ಲಿಂದ ಮಿಸ್ಸಮ್ಮನಿಗೆ ಮೂರನೆಯ ಕಾಗದ ಹಾಕಿ, ಉತ್ತರಕ್ಕೆ ಒಂದು ವಾರ ಕಾದೆ.

ಯುದ್ಧ ಗೆದ್ದವರ ಊರು ಹೀಗಿರುತ್ತದೆಂದು ನಾನು ಎಣಿಸಿರಲಿಲ್ಲ. ಬೀದಿಯ ಸಾಲಿನಲ್ಲಿ ಅಲ್ಲಲ್ಲಿ ಹಲ್ಲು ಕಿತ್ತ ಹಾಗೆ ಮನೆಗಳೇ ಇಲ್ಲ. ಬ್ರೆಡ್ಡಿಗೂ ಚೀಟಿ, ಮೊಟ್ಟೆ ಎಂದರೆ ಡಬ್ಬಿಯಲ್ಲಿ ಬರುವ ಪುಡಿ. ಎಲ್ಲದಕ್ಕೂ ಸಾಲು ನಿಲ್ಲುತ್ತಾರೆ, ಯಾರೂ ಯಾರನ್ನೂ ನೂಕುವುದಿಲ್ಲ. ನಾನು ಒಬ್ಬನ ಕಾಲು ತುಳಿದೆ, ಅವನು ನನಗೆ ಕ್ಷಮೆ ಕೇಳಿದ. ನಮ್ಮ ಸಂತೆಯಲ್ಲಿ ಹೀಗಿದ್ದರೆ ಸೊಪ್ಪು ಬಾಡಿಹೋಗುವವರೆಗೂ ವ್ಯಾಪಾರ ಮುಗಿಯುತ್ತಿರಲಿಲ್ಲ.

ಇನ್ನೊಂದು ಅಭ್ಯಾಸ. ಎದುರಿಗೆ ಸಿಕ್ಕವರೆಲ್ಲ ಹೇಗಿದ್ದೀರಿ ಎಂದು ಕೇಳುತ್ತಾರೆ. ಮೊದಲ ದಿನ ನಾನು ನಿಂತು ಮಂಡಿನೋವು, ಹಡಗಿನ ವಾಂತಿ, ಇಲ್ಲಿನ ಥಂಡಿ ಎಲ್ಲ ವಿವರವಾಗಿ ಹೇಳಿದೆ. ಕೇಳಿದ ಗಂಡಸು ಟೋಪಿ ಹಿಡಿದುಕೊಂಡು ಓಡಿದ. ಎದುರು ಮನೆಯ ಹೆಂಗಸು ಮಾತ್ರ ನನ್ನ ಸೀರೆಯ ಬಣ್ಣ ಹೊಗಳಿ, "ಒಂದು ದಿನ ನಮ್ಮ ಮನೆಗೆ ಚಹಾಕ್ಕೆ ಬರಲೇಬೇಕು," ಅಂದಳು. ಬಾ ಅಂದಮೇಲೆ ಹೋಗದಿರುವುದು ಯಾವ ಮರ್ಯಾದೆ? ಮಾರನೆಯ ದಿನವೇ ಹೋದೆ. ಬಾಗಿಲು ತೆಗೆದವಳು ತಲೆತುಂಬ ಕೂದಲು ಸುತ್ತುವ ಕೊಳವೆ ಸಿಕ್ಕಿಸಿಕೊಂಡಿದ್ದಳು. ನನ್ನನ್ನು ನೋಡಿ ಬೆಚ್ಚಿದಳು. ಮನೆಯಲ್ಲಿ ಚಹಾಪುಡಿ ಇರಲಿಲ್ಲ. ಇಬ್ಬರೂ ಹೊಸ್ತಿಲ ಎರಡು ಕಡೆ ನಿಂತು ಹವಾಮಾನದ ಬಗ್ಗೆ ಮಾತಾಡಿದೆವು.

ನನ್ನ ಮನೆಯೊಡತಿ ಮುದುಕಿ ಇದನ್ನು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, "ಅಯ್ಯೋ ಹುಚ್ಚಿ, ಅದು ಮಾತಿಗೆ ಅಂದಿದ್ದು. ಯಾರಾದ್ರೂ ಹೋಗ್ಬಿಡ್ತಾರಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವ ಊರಿನವಳು ನಾನು. ಆಡುವುದೇಕೆ, ಆಮೇಲೆ ಬೆಚ್ಚುವುದೇಕೆ? ನಮ್ಮ ಜನ ಹೀಗಲ್ಲ ಎಂದು ಜಂಬದಿಂದ ಮುದುಕಿಗೆ ಹೇಳಿದೆ. ಆ ಜಂಬ ಇನ್ನು ಮೂರೇ ದಿನದ್ದು ಎಂದು ಗೊತ್ತಿರಲಿಲ್ಲ.

ಉಣ್ಣೆಯ ಅಂಗಡಿ

ಉತ್ತರ ಬರಲಿಲ್ಲ. ವಿಳಾಸ ಹಿಡಿದು ನಾನೇ ಬಸ್ಸು ಹತ್ತಿದೆ. ಸಮುದ್ರದ ಅಂಚಿನ ಸಣ್ಣ ಊರು. ಆ ಮನೆಯ ನೆರೆಯವರು, ಅವರು ಈ ಹೊತ್ತಿನಲ್ಲಿ ಅಂಗಡಿಯಲ್ಲಿರುತ್ತಾರೆ ಎಂದು ಕೈ ತೋರಿಸಿದರು. ಉಣ್ಣೆಯ ನೂಲು ಮಾರುವ ಅಂಗಡಿ. ಗಲ್ಲಾಪೆಟ್ಟಿಗೆಯ ಹಿಂದೆ ಬೆಳ್ಳಗಿನ ತಲೆಯ ಹೆಂಗಸೊಬ್ಬರು ನೂಲನ್ನು ಉಂಡೆ ಸುತ್ತುತ್ತಿದ್ದರು. ಎಳೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಹಾಯಿಸಿ ಗಂಟು ಹುಡುಕುತ್ತಿದ್ದ ರೀತಿ ನೋಡಿದೊಡನೆ ನನಗೆ ಗೊತ್ತಾಯಿತು. ಅದು ನಮ್ಮ ಬೀಬಮ್ಮನ ಕೈಚಳಕ.

ಅವರು ತಲೆಯೆತ್ತಿದರು. ಉಂಡೆ ಕೈಯಿಂದ ಜಾರಿ ನನ್ನ ಕಾಲಿನವರೆಗೂ ಉರುಳಿ ಬಂತು.

"ಕರುಣಾ," ಅಂದರು. ಆಮೇಲೆ, ಒಂಬತ್ತು ವರ್ಷದ ಮೇಲೆ, ಅವರ ಬಾಯಿಂದ ಬಂದ ಮೊದಲ ಮಾತು, "ಊಟ ಆಯ್ತಾ?"

ನಾನು ಗೊಳೋ ಎಂದು ಅತ್ತುಬಿಟ್ಟೆ. ಅಂಗಡಿಯಲ್ಲಿದ್ದ ಇಬ್ಬರು ಹೆಂಗಸರು ನೂಲು ಬಿಟ್ಟು ಹೊರಗೆ ಹೋದರು.

ಹಿಂದಿನ ಕೋಣೆಯಲ್ಲಿ ಬ್ರೆಡ್ಡು, ಸಕ್ಕರೆಯಿಲ್ಲದ ಚಹಾ ಇಟ್ಟರು. ನಾನು ಕೈ ಜೋಡಿಸಿ ಕಾದೆ. ಆಸ್ಪತ್ರೆಯಲ್ಲಿ ಒಂದು ಬಾಳೆಹಣ್ಣು ತಿನ್ನಬೇಕಾದರೂ ಮೊದಲು ಪ್ರಾರ್ಥನೆ ಹೇಳುತ್ತಿದ್ದವರು ಅವರು. ಮಿಸ್ಸಮ್ಮ ಬ್ರೆಡ್ಡು ಮುರಿದು ಬಾಯಿಗಿಟ್ಟುಕೊಂಡರು. ನಾನು ನೋಡಿದ್ದನ್ನು ಅವರೂ ನೋಡಿದರು. ನಾನೊಬ್ಬಳೇ ಕಣ್ಣು ಮುಚ್ಚಿ ಹೇಳಿ ಮುಗಿಸಿದೆ.

"ನಿನ್ನ ಕಾಗದ ಎಲ್ಲಾ ಬಂತು," ಅಂದರು. "ಏನಂತ ಬರೀಲಿ? ನಾನೀಗ ಪ್ರಾರ್ಥನೆ ಮಾಡಲ್ಲ ಕರುಣಾ."

ಆಮೇಲೆ ತಡವರಿಸುತ್ತಾ, ಕನ್ನಡ ಮರೆತಲ್ಲಿ ಇಂಗ್ಲಿಷಿನಲ್ಲಿ ಹೇಳಿದರು. ಯುದ್ಧದಲ್ಲಿ ಅವರು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದರು. ಒಂದು ಸಂಜೆ ಮನೆಗೆ ಹೊರಡುವಾಗ ಮಕ್ಕಳಿಗೆ ಬೆಳಿಗ್ಗೆ ಬರ್ತೀನಿ ಎಂದು ಹೇಳಿ ಹೊರಟರು. "ಬೆಳಿಗ್ಗೆ ಹೋದೆ. ವಾರ್ಡೇ ಇರ್ಲಿಲ್ಲ. ಇಟ್ಟಿಗೆ ಇತ್ತು, ಒಂದು ಸಣ್ಣ ಮಂಚ ಇತ್ತು. ನಾನು ಮಾತು ಉಳಿಸ್ಕೊಂಡೆ ಕರುಣಾ. ದೇವರು ಉಳಿಸ್ಕೊಳ್ಲಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಆಮೇಲೆ ಆಸ್ಪತ್ರೆಯ ವಿಷಯ ಹೇಳಿದೆ, ದೇವಪ್ರಿಯಪ್ಪನವರ ಮಾತು ಹೇಳಿದೆ. "ಊರೆಲ್ಲಾ ಕಾಯ್ತಿದೆ ಮಿಸ್ಸಮ್ಮ. ನೀವು ಬರ್ತೀನಿ ಅಂದಿದ್ರಲ್ಲ," ಅಂದೆ.

ಅವರು ನನ್ನನ್ನು ಮರುಕದಿಂದ ನೋಡಿದರು. "ಅದು ನಿಮ್ಮೂರಿನ ಪದ್ಧತಿ ಅಲ್ವಾ? ಬೀಬಮ್ಮ ಕಲಿಸಿದ್ದು. ಹೋಗೋರು ಹೇಳೋ ಮಾತು. ನನಗೆ ಅವತ್ತೇ ಗೊತ್ತಿತ್ತು, ವಾಪಸ್ಸು ಬರಲ್ಲ ಅಂತ. ಮೈಯಲ್ಲಿ ಶಕ್ತಿ ಇರ್ಲಿಲ್ಲ."

ಚಹಾಕ್ಕೆ ಕರೆದ ಹೆಂಗಸಿನ ತಲೆಯ ಕೊಳವೆಗಳು ನನ್ನ ಕಣ್ಣಿಗೆ ಕಟ್ಟಿದವು. ಒಂಬತ್ತು ವರ್ಷ ಊರಿಗೆಲ್ಲ ನಾನು ಹಂಚಿದ್ದು ಬರೀ ಮಾತಿಗೆ ಆಡಿದ ಮಾತು. ಮುದುಕಿಯ ಮುಂದೆ ಜಂಬ ಕೊಚ್ಚಿದವಳೂ ನಾನೇ.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಅತ್ತುಕೊಂಡು ಎದ್ದುಬರುತ್ತಿದ್ದೆನೋ ಏನೋ. ಮಿಸ್ಸಮ್ಮ ಚಹಾ ಕಲಕುತ್ತಾ ಮೆಲ್ಲಗೆ ಅಂದರು, "ನಿನ್ನ ಯೇಸುಸ್ವಾಮಿನೂ ಹೋಗೋವಾಗ ಬರ್ತೀನಿ ಅಂದಿದ್ದ. ಎಷ್ಟು ಕಾಲ ಆಯ್ತು? ಅದೂ ಹೋಗೋರು ಹೇಳೋ ಮಾತೇನೋ."

ನನ್ನ ಯೇಸುಸ್ವಾಮಿ! ಆ ಹೆಸರು ನನ್ನ ಬಾಯಿಗೆ ಹಾಕಿದವರೇ ಅವರು. ಒಂದು ಗಳಿಗೆ ಕುರ್ಚಿಯ ಕೆಳಗೆ ನೆಲವಿಲ್ಲದ ಹಾಗಾಯಿತು. ನಿಜವಾಗಿ ಹೆದರಿದೆ. ಅವರು ಕೊಟ್ಟದ್ದೆಲ್ಲ ಅವರದೇ ಆಗಿದ್ದರೆ, ಅವರು ಬಿಟ್ಟೊಡನೆ ನನ್ನ ಕೈಯೂ ಖಾಲಿ. ಆಮೇಲೆ ಎಲ್ಲಿಂದಲೋ ಸಿಟ್ಟು ಬಂತು. ಆ ಸಿಟ್ಟಿಗೆ ಇವತ್ತಿಗೂ ದೇವರಿಗೆ ಸ್ತೋತ್ರ ಹೇಳುತ್ತೇನೆ.

"ಮಿಸ್ಸಮ್ಮ," ಅಂದೆ, "ನಿಮಗೆ ಆ ಮಾತು ಬೀಬಮ್ಮ ಕಲಿಸಿದ್ಲು. ಆತನಿಗೆ ಯಾವ ಬೀಬಮ್ಮ ಕಲಿಸಿದ್ಲು? ಆತ ವಿಜಯಪುರದೋನಲ್ಲ, ಮರ್ಯಾದೆಗೆ ಬರ್ತೀನಿ ಅನ್ನೋಕೆ. ಬರ್ತೀನಿ ಅಂದಿದ್ದು ಬರೋಕೇನೆ."

ಅವರು ಚಮಚ ಕೆಳಗಿಟ್ಟರು.

"ಆತ ಒಂದ್ಸಲ ಹೋಗಿ ಬಂದೋನು. ಗುಹೇಲಿಟ್ಟು ಬಂಡೆ ಮುಚ್ಚಿದ್ರು, ಮೂರನೇ ದಿನ ಎದ್ದು ಬಂದ. ಹೋಗಿ ಬರೋದು ಅಂದ್ರೆ ಅದು. ನೀವೇ ಹೇಳ್ಕೊಟ್ಟಿದ್ದು. ನೀವು ಬರ್ದಿದ್ರೆ ಬಿಡಿ, ನೀವು ಮನುಷ್ಯರು, ಸೋತಿದ್ದೀರಿ. ಆದ್ರೆ ಬಾವಿ ತೋರ್ಸಿದೋರು ನೀರು ಕುಡಿಯೋದು ಬಿಟ್ರೆ ಬಾವಿ ಬತ್ತುತ್ತಾ? ನೀವು ಕೊಟ್ಟಿದ್ದನ್ನ ನಾನು ವಾಪಸ್ಸು ಕೊಡಲ್ಲ. ಕೇಳಿದ್ರೂ ಕೊಡಲ್ಲ."

ಸಾಕಿದ ತಾಯಿಗೆ ಹಾಗೆ ಎದುರು ಮಾತಾಡಿದ್ದು ಅದೇ ಮೊದಲು.

"ತುಂಬಾ ಹಠಮಾರಿ ಆಗಿದ್ಯ," ಅಂದರು ಮಿಸ್ಸಮ್ಮ.

"ಸಾಕಿದೋರು ನೀವೇ."

ಅವರ ತುಟಿಯ ಕೊನೆಯಲ್ಲಿ ಹಳೆಯ ನಗು ಬಂದು ಹೋಯಿತು. ಕಡೆಯದಾಗಿ ಒಂದು ಸಲ ಕೇಳಿದೆ, "ಬರ್ತೀರಾ?" ಇಲ್ಲ ಎಂದು ತಲೆಯಾಡಿಸಿದರು. ತಟ್ಟೆಯಲ್ಲಿ ಉಳಿದಿದ್ದ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದರು.

ಬಸ್ಸು ನಿಲ್ಲುವ ಜಾಗ

ಬಸ್ಸಿನವರೆಗೂ ಜೊತೆಗೆ ಬಂದರು. ತಾವೇ ಹೆಣೆದ ಉಣ್ಣೆಯ ಕೈಗವಸು ಒಂದು ಜೊತೆ ಕೊಟ್ಟರು. ಅವುಗಳಿಂದ ಈಗ ನಾನು ಬಿಸಿನೀರಿನ ಹಂಡೆ ಇಳಿಸುತ್ತೇನೆ, ಬಹಳ ಚೆನ್ನಾಗಿವೆ. ಬಸ್ಸು ತಡವಾಯಿತು. ಅವರು ಅಂಗಡಿ ಮತ್ತೆ ತೆರೆಯುವ ಹೊತ್ತಾಯಿತು. ನನ್ನ ಕೋಟಿನ ಗುಂಡಿ ಹಾಕಿ, ಒಂದು ಹೆಜ್ಜೆ ಹಿಂದೆ ಸರಿದು, ಒಂದೊಂದೇ ಅಕ್ಷರ ಬಿಡಿಸಿ ಅಂದರು,

"ಹೋಗ್ತೀನಿ, ಕರುಣಾ."

ನಮ್ಮೂರಿನಲ್ಲಿ ಮುನಿಸಿಕೊಂಡವರು ಕೂಡ ಆ ಮಾತನ್ನು ನುಂಗಿಕೊಳ್ಳುತ್ತಾರೆ. ನನಗೆ ಇನ್ನೊಮ್ಮೆ ಸುಳ್ಳು ಆಸೆ ಹುಟ್ಟಬಾರದೆಂದು ಅವರು ಬೇಕೆಂದೇ ಹೇಳಿದರು ಎಂದು ಗೊತ್ತಾಯಿತು. ಆದರೆ ಹೊರಟವರಿಗೆ ಹೇಳುವ ಮಾತೂ ನಮ್ಮಲ್ಲಿ ಒಂದಿದೆ. ಅದನ್ನು ನನ್ನಿಂದ ಯಾರೂ ಕಿತ್ತುಕೊಂಡಿರಲಿಲ್ಲ.

"ಹೋಗ್ಬನ್ನಿ, ಮಿಸ್ಸಮ್ಮ," ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ.

ಅವರು ತಿರುಗಿ ನೋಡಲಿಲ್ಲ. ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಂತರು, ಆಮೇಲೆ ಅಂಗಡಿಯ ಕಡೆಗೆ ತಿರುಗಿದರು.

ಮತ್ತೆ ವಿಜಯಪುರ

ಗೂಡು ಬೇಯುವ ವಾಸನೆಗೆ ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಕ್ರಿಸ್‌ಮಸ್ಸಿಗೆ ಹತ್ತು ದಿನವಿರುವಾಗ ಆ ವಾಸನೆ ಜಟಕಾದೊಳಗೆ ನುಗ್ಗಿದಾಗ ನಾನು ಎದೆತುಂಬ ಎಳೆದುಕೊಂಡೆ. ದೇವಪ್ರಿಯಪ್ಪನವರು ಆಸ್ಪತ್ರೆಯ ಜಗಲಿಯ ಮೇಲೆ ಕೂತಿದ್ದರು. ಜಟಕಾದೊಳಗೆ ಇಣುಕಿ ನನ್ನ ಹಿಂದೆ ಯಾರಾದರೂ ಇಳಿಯುತ್ತಾರೋ ಎಂದು ನೋಡಿದರು.

"ಬರಲ್ವಂತೆ," ಅಂದೆ.

"ನಾನು ಹೇಳಿದ್ನಲ್ಲಮ್ಮ," ಎಂದು ನಿಟ್ಟುಸಿರು ಬಿಟ್ಟು ಎದ್ದರು. ನಿಟ್ಟುಸಿರಿನಲ್ಲಿ ದುಃಖ ಕಡಿಮೆ ಇತ್ತು. ಕ್ರಿಸ್‌ಮಸ್ಸಿನವರೆಗೂ ಕಾಯದೆ ಅವತ್ತೇ ಬೀಗ ಹಾಕಿಸಿದರು. ನನ್ನ ಹೆರಿಗೆಯ ಪೆಟ್ಟಿಗೆ ನನ್ನದೇ ಆದ್ದರಿಂದ ಅದೊಂದನ್ನು ಹೊರಗಿಡಿಸಿದೆ. "ಇದನ್ನಿಟ್ಕೊಂಡು ಎಲ್ಲಿಗೆ ಹೋಗ್ತೀಯಮ್ಮ?" ಎಂದು ಕೇಳಿದರು. ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಹಿಂದಿನ ಬೀದಿಗೆ ನಡೆದೆ.

ಬೀಬಮ್ಮನ ನೂಲು ತೆಗೆಯುವ ಕೊಟ್ಟಿಗೆಯಲ್ಲಿ ಆರು ಒಲೆ ಉರಿಯುತ್ತಿದ್ದವು. ಹೆಂಗಸರು ಕೈ ನಿಲ್ಲಿಸಿದರು. ಅವರಿಗೆ ಇನ್ನೊಂದು ಸಲ ಬರೀ ಮಾತಿಗೆ ಮಾತಾಡಲು ನನಗೆ ಮನಸ್ಸಿರಲಿಲ್ಲ. ಮಕ್ಕಳ ವಾರ್ಡು, ಉಣ್ಣೆಯ ಅಂಗಡಿ, ಎಲ್ಲ ಇದ್ದ ಹಾಗೆ ಹೇಳಿದೆ. ಮಿಸ್ಸಮ್ಮ ಬರುವುದಿಲ್ಲ ಎಂದೂ ಹೇಳಿದೆ.

"ಬರ್ತೀನಿ ಅಂದಿದ್ರಲ್ಲಮ್ಮ!" ಅಂದಳು ಬೀಬಮ್ಮ.

"ನೀನೇ ಕಲಿಸಿದ್ದು."

ಅವಳು ಹಣೆ ಚಚ್ಚಿಕೊಂಡಳು. ಒಲೆಯ ಮುಂದೆ ಕುಕ್ಕರಿಸಿದಳು. "ದೇವರಂಥಾ ಮಿಸ್ಸಮ್ಮನೂ ಕೈ ಕೊಟ್ಬಿಟ್ರಾ," ಅಂದಳು. "ಇನ್ಯಾರನ್ನ ನಂಬೋದು ಕರುಣಮ್ಮ? ಇನ್ಯಾರು ಬರ್ತಾರೆ?"

ನಾನು ಪೆಟ್ಟಿಗೆಯನ್ನು ಅವಳ ಜಗಲಿಯ ಮೇಲಿಟ್ಟು, ಸೆರಗು ಸಿಕ್ಕಿಸಿ, ಮುಲಾಮಿನ ಡಬ್ಬಿಯ ಮುಚ್ಚಳ ತೆಗೆದೆ. ಅವಳ ಬಲಗೈಯ ನಾಲ್ಕು ಬೆರಳೂ ಬೆಂದು ಬಿಳಿಚಿದ್ದವು. ನಾನಿಲ್ಲದ ಮೂರು ತಿಂಗಳು ಅವಕ್ಕೆ ಯಾರೂ ಏನೂ ಹಚ್ಚಿರಲಿಲ್ಲ.

"ಬರ್ಬೇಕಾದೋನು ಬರ್ತಾನೆ ಬೀಬಮ್ಮ. ಆತ ಕೈ ಕೊಡೋನಲ್ಲ," ಅಂದೆ. "ಅಲ್ಲೀವರ್ಗೂ ನಾನಿದ್ದೀನಿ. ಎಲ್ಲಿ, ನೀನು ಕೈ ಕೊಡು."